ಮಲ್ಲೇಶ್ವರದಲ್ಲಿ ಬಾಡಿಗೆ ಮನೆ: ಯಾವ ಕ್ರಾಸ್ ನೋಡೋದು?

ಪ್ರಶ್ನೆ: ಅಪ್ಪ ಅಮ್ಮ ಹಾಸನದಿಂದ ಬೆಂಗಳೂರಿಗೆ ಬರುತ್ತಿದ್ದಾರೆ. ಮಲ್ಲೇಶ್ವರದಲ್ಲಿ ಮನೆ ನೋಡುತ್ತಿದ್ದೇವೆ. ಇಬ್ಬರಿಗೂ ನಡೆದಾಡುವ ಅಭ್ಯಾಸ. ಹಳೇ ಏರಿಯಾ ಅಂತ ಸುಮ್ನೆ ಜಾಸ್ತಿ ಬಾಡಿಗೆ ಕೊಟ್ಟಂತಾಗುತ್ತದಾ?

13ನೇ ಕ್ರಾಸಿನವರು: ನಡೆಯುವವರಾದರೆ ಕೊಟ್ಟ ಬಾಡಿಗೆಗೆ ಮೋಸವಿಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟು ಬಿಟ್ಟವರು ಬಂದು ನೆಲೆಸಿದ್ದು ಇಲ್ಲಿ ಮತ್ತು ಬಸವನಗುಡಿಯಲ್ಲಿ. ಮನೆಗೆ ಗಾಳಿ ಬೆಳಕು ಬರಬೇಕು ಅನ್ನೋದೇ ಆಗಿನ ಲೆಕ್ಕ. ಅದಕ್ಕೇ ನೇರ ರಸ್ತೆ, ನಂಬರಿನ ಕ್ರಾಸು, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಮಲ ಹೊರುವವರು ಮುಂಬಾಗಿಲ ಕಡೆ ಬಾರದಿರಲಿ ಎಂದು ಬಿಟ್ಟ ಓಣಿ ಅದು. ಹೆಮ್ಮೆ ಪಡುವಂಥ ಇತಿಹಾಸವೇನಲ್ಲ. ಈಗ ಕೆಲವು ಕಡೆ ಬೈಕ್ ನಿಲ್ಲಿಸುತ್ತಾರೆ, ಕೆಲವು ಕಡೆ ಕಸ ಸುರಿಯುತ್ತಾರೆ. ಮನೆ ನೋಡಲು ಹೋದಾಗ ಹಿಂದಿನ ಗಲ್ಲಿಗೂ ಒಂದು ಸುತ್ತು ಹಾಕಿ. ಮುಂದೆ ಹೊಸ ಬಣ್ಣ ಬಳಿದಿರುತ್ತಾರೆ, ತೇವ ಏರಿದ ಗೋಡೆ, ಸೋರುವ ಪೈಪು ಎಲ್ಲ ಹಿಂದೆಯೇ ಕಾಣೋದು.

8ನೇ ಕ್ರಾಸ್ ಪಕ್ಕದವರು: ನಮ್ಮ ಕ್ರಾಸಿಗೆ ಅಂಟಿಕೊಂಡ ಮನೆ ಮಾತ್ರ ಬೇಡ. ಹೂವು, ಹಣ್ಣು, ತರಕಾರಿ ಎಲ್ಲ ಕೈಗೆಟುಕುತ್ತದೆ, ನಿಜ. ಆದರೆ ಗೌರಿ ಹಬ್ಬದ ಹಿಂದಿನ ದಿನ ಬಂದು ನೋಡಿ. ಬಾಳೆಕಂಬ, ಮಾವಿನ ಸೊಪ್ಪು, ಬಾಗಿನದ ಮೊರ ಗೇಟಿನವರೆಗೂ ಹರಡಿರುತ್ತವೆ. ಕಾರು ಹೊರಗೆ ತೆಗೆಯೋ ಮಾತೇ ಇಲ್ಲ. ಎರಡು ಮೂರು ಕ್ರಾಸ್ ಆಚೆ ಇದ್ದರೆ ಚೀಲ ಹಿಡಿದು ನಡೆದು ಬರಬಹುದು, ಗಲಾಟೆ ತಪ್ಪುತ್ತದೆ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಯ ಮೇಲೂ ಬೇಡ. ಹೆಸರಿಗೆ ಸಂಪಿಗೆ, ಬೇವು. ಇರೋದು ಹಾರನ್ ಸದ್ದು.

15ನೇ ಕ್ರಾಸಿನವರು: ನನ್ನ ವೋಟು ಕಾಡು ಮಲ್ಲೇಶ್ವರ ದೇವಸ್ಥಾನದ ಸುತ್ತಮುತ್ತಲಿಗೆ. ಬಡಾವಣೆಗೆ ಹೆಸರು ಬಂದದ್ದೇ ಈ ದೇವರಿಂದ. ಶಿವಾಜಿಯ ಮಲತಮ್ಮ ಏಕೋಜಿ 1669ರಲ್ಲಿ ದತ್ತಿ ಕೊಟ್ಟ ಶಾಸನ ಇದೆ. ಎದುರಿಗಿರುವ ನಂದಿ ತೀರ್ಥ 1997ರವರೆಗೂ ಮಣ್ಣಿನಡಿ ಹೂತಿತ್ತು ಅಂದರೆ ನಂಬ್ತೀರಾ? ಕಲ್ಲಿನ ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬೀಳುತ್ತದೆ. ಅಮ್ಮನಿಗೆ ಸಂಜೆಗೆ ಅಷ್ಟು ಸಾಕು. ಅಪ್ಪನಿಗೆ ಬೆಳಗಿನ ವಾಕಿಂಗಿಗೆ 1882ರ ಸ್ಯಾಂಕಿ ಕೆರೆ ಇದ್ದೇ ಇದೆ, ತಿಂಡಿಗೆ ವೀಣಾ ಸ್ಟೋರ್ಸ್.

13ನೇ ಕ್ರಾಸಿನವರು: ಒಂದು ಮಾತು ಬಿಟ್ಟಿದ್ದೆ. ಹಳೇ ಮನೆಗಳಲ್ಲಿ ಮಹಡಿ ಮೆಟ್ಟಿಲು ಬಹಳ ಕಡಿದು, ಲಿಫ್ಟ್ ಇರಲ್ಲ. ಬಾಡಿಗೆ ಸ್ವಲ್ಪ ಹೆಚ್ಚಾದರೂ ನೆಲಮಹಡಿಯನ್ನೇ ಕೇಳಿ.