ಮಂಡಿ ಕಂಪ್ಯೂಟರ್‌ನಾಗೆ ಮಾತ್ರ ಅಕ್ಷರ ಎಮ್ಮೆ ಗಾತ್ರ, ರೆಮ್ ಕೈ ಕೊಡ್ತೈತೆ

ಮಂಡಿಪೇಟೆ_ಕೋಡರ್:
ಮೂರು ದಿನ ಆತು, ತಲೆ ಕೆಟ್ಟು ಮೊಸರಾಗೈತೆ. ಇಲ್ಲೇ ದಾವಣಗೆರೆಯ ಒಂದು ದಲಾಲಿ ಅಂಗಡಿಗೆ ಮೆಕ್ಕೆಜೋಳದ ದರದ ಪುಟ ಮಾಡಿಕೊಟ್ಟೀನಿ. ನನ್ನ ಲ್ಯಾಪ್‌ಟಾಪ್‌ನಾಗೆ ಚೆಂದ, ಫೋನಿನಾಗೂ ಚೆಂದ. ಸಾವ್ಕಾರ್ರ ಗಲ್ಲೆ ಪಕ್ಕದ ಕಂಪ್ಯೂಟರ್‌ನಾಗೆ ತೆಗೆದ್ರೆ ಒಂದೊಂದು ಅಕ್ಷರ ಎಮ್ಮೆ ಇದ್ದಂಗೆ! ಕ್ವಿಂಟಲ್ ದರ ನೋಡಾಕೆ ಪುಟ ಪಕ್ಕಕ್ಕೆ ಎಳೀಬೇಕು. ಅಕ್ಷರದ ಗಾತ್ರಕ್ಕೆ ಎಲ್ಲಾ ಕಡೆ ರೆಮ್ (ಪುಟದ ಮೂಲ ಅಕ್ಷರ ಗಾತ್ರದ ಇಷ್ಟು ಪಟ್ಟು ಅನ್ನೋ ಅಳತೆ) ಹಾಕೀನಿ, ಸರಿಯಾಗೇ ಹಾಕೀನಿ. ಬ್ರೌಸರ್ ಸ್ವಲ್ಪ ಹಳೇದು, ಅಷ್ಟೇ. ಏನು ಮಾಡ್ಲಿ?

ಬೆಣ್ಣೆ_ಖಾಲಿ:
ಇದರಾಗೆ ಕೇಳೋದೇನೈತೆ? ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ರೆಮ್ ಗೊತ್ತೇ ಇಲ್ಲ, 9ರಿಂದ ಬಂದಿದ್ದು. ಪ್ರತಿ ರೆಮ್ ಸಾಲಿನ ಮೇಲೆ ಪಿಕ್ಸೆಲ್ ಸಾಲು ಒಂದು ಹಾಕು. ಹಳೇದು ಪಿಕ್ಸೆಲ್ ಓದ್ಕೊಂಡು ರೆಮ್ ಬಿಡ್ತೈತೆ, ಹೊಸದು ಕೆಳಗಿನ ರೆಮ್ ತಗಂತೈತೆ. ಮುಗೀತು.

ಮಂಡಿಪೇಟೆ_ಕೋಡರ್:
ನಲವತ್ತು ಕಡೆ ಹಾಕ್ದೆ ಅಣ್ಣ. ಕೂದಲೆಳೆಯಷ್ಟೂ ಬದಲಾಗಿಲ್ಲ.

ಬೆಣ್ಣೆ_ಖಾಲಿ:
ಹಂಗಾದ್ರೆ ಪಿಕ್ಸೆಲ್ ಸಾಲು ಕೆಳಗೆ ಹಾಕಿರ್ತೀಯ. ಮೇಲೆ ಹಾಕು ಅಂದೆ.

ಮಂಡಿಪೇಟೆ_ಕೋಡರ್:
ಮೇಲೇ ಹಾಕೀನಿ!

ಏಳುಸುತ್ತು_ದುರ್ಗ:
ತಮ್ಮಾ, ಇದು ಫಾಂಟ್ ಸಮಸ್ಯೆ, ಬರೆದಿಟ್ಕೋ. ವಿಂಡೋಸ್ 8ರಿಂದ ಈಚೆಗೆ ಕನ್ನಡಕ್ಕೆ ನಿರ್ಮಲಾ ಯುಐ ಫಾಂಟ್, ಹಳೇದರಾಗೆ ಬರೀ ತುಂಗಾ. ಎರಡೂ ಒಂದೇ ಅಳತೆಗೆ ಒಂದೇ ಥರ ಕಾಣಲ್ಲ. ನನ್ನತ್ರ ಎಕ್ಸ್‌ಪಿ, 7, 10 ಮೂರೂ ವರ್ಚುವಲ್ ಮಷಿನ್‌ನಾಗೆ ಓಡ್ತಾವೆ, 32 ಜಿಬಿ ರ‍್ಯಾಮು, ಎರಡು ಮಾನಿಟರು. ಕರೆಂಟ್ ಹೋದ್ರೂ ಲಾರಿ ಬ್ಯಾಟರಿ ಹಾಕಿದ ಯುಪಿಎಸ್ ಐತೆ, ನಾಲ್ಕು ತಾಸು ಅಲ್ಲಾಡಲ್ಲ.

ವಿದ್ಯಾನಗರ_ಟೆಸ್ಟರ್:
ಯುಪಿಎಸ್ ಪುರಾಣ ಬೇರೆ ಕಡೆ ಬಿಚ್ಚಿ ದುರ್ಗದಣ್ಣ. ಕೋಡರ್, ದರದ ಅಂಕಿಗಳು ಹೆಂಗಿವೆ? 1, 2, 3 ಕೂಡ ದೊಡ್ಡದಾಗಿದ್ರೆ ಅದು ಕನ್ನಡ ಫಾಂಟಿನ ತಪ್ಪಲ್ಲ. ಆಮೇಲೆ, ಬ್ರೌಸರ್ ಯಾವುದು, ಎಷ್ಟನೇ ಆವೃತ್ತಿ? ಅದನ್ನ ಮೊದಲು ಹೇಳಬೇಕಿತ್ತು.

ಮಂಡಿಪೇಟೆ_ಕೋಡರ್:
ಅಂಕಿನೂ ದೊಡ್ಡವೇ ಅಕ್ಕ. ಫೈರ್‌ಫಾಕ್ಸ್ 52.9, ಎಕ್ಸ್‌ಪಿ. ಹೇಳಿದ್ದೆ ಅನ್ಕೊಂಡಿದ್ದೆ.

ಬೆಣ್ಣೆ_ಖಾಲಿ:
ಫೈರ್‌ಫಾಕ್ಸಾ? ಮತ್ತೆ ನನ್ನ ಕೈಲಿ ಎಕ್ಸ್‌ಪ್ಲೋರರ್ ಪುರಾಣ ಯಾಕೆ ಹೇಳಿಸಿದೆ? ಫೈರ್‌ಫಾಕ್ಸಿಗೆ 3.6ರಿಂದಲೇ ರೆಮ್ ಗೊತ್ತೈತೆ. ಅಲ್ಲದೆ ಎಕ್ಸ್‌ಪಿನ ಮೈಕ್ರೋಸಾಫ್ಟೇ 2014ರ ಏಪ್ರಿಲ್‌ಗೆ ಕೈಬಿಟ್ಟೈತೆ. ಸಾವ್ಕಾರ್ರಿಗೆ ಹೊಸ ಕಂಪ್ಯೂಟರ್ ತಗೊಳ್ರಿ ಅನ್ನು.

ಮಂಡಿಪೇಟೆ_ಕೋಡರ್:
ನೀವೇ ಬಂದು ಹೇಳ್ರಿ ಅಣ್ಣ. ಅವರ ಲೆಕ್ಕದ ಸಾಫ್ಟ್‌ವೇರ್ ಅದರಾಗೇ ಓಡ್ತೈತೆ, ಸೀಸನ್ ಮುಗಿಯೋತನ ಅದನ್ನ ಮುಟ್ಟಂಗಿಲ್ಲ. ನನ್ನ ಬಾಕಿ ದುಡ್ಡೂ ಅವರತ್ರ ಐತೆ.

(ಇಲ್ಲಿಂದ ಹನ್ನೊಂದು ಉತ್ತರ ಎಕ್ಸ್‌ಪಿ ಇಡಬೇಕೋ ಬಿಡಬೇಕೋ ಅನ್ನೋದರ ಬಗ್ಗೆ. ಬೇರೆ ಎಳೆಗೆ ಸರಿಸಲಾಗಿದೆ.)

ವಿದ್ಯಾನಗರ_ಟೆಸ್ಟರ್:
ಎಫ್12 ಒತ್ತಿ, ಒಂದು ಪ್ಯಾರಾ ಆರಿಸಿ, ಕಂಪ್ಯೂಟೆಡ್ ಅನ್ನೋ ಕಡೆ ಫಾಂಟ್ ಗಾತ್ರ ಎಷ್ಟು ಪಿಕ್ಸೆಲ್ ಅಂತ ಐತೆ ನೋಡಿ ಹೇಳು. ಊಹೆ ಬೇಡ.

ಮಂಡಿಪೇಟೆ_ಕೋಡರ್:
25.6. ನಾನು ಬರೆದಿದ್ದು 1.6 ರೆಮ್, ಒಂದು ರೆಮ್ಮಿಗೆ ಸುಮಾರು 10 ಪಿಕ್ಸೆಲ್ ಲೆಕ್ಕ, ಅಂದ್ರೆ 16 ಬರಬೇಕಿತ್ತು.

ವಿದ್ಯಾನಗರ_ಟೆಸ್ಟರ್:
25.6ನ್ನ 1.6ರಿಂದ ಭಾಗಿಸು. 16. ಅಂದ್ರೆ ನಿನ್ನ ರೆಮ್ ಚೆನ್ನಾಗೇ ಕೆಲಸ ಮಾಡ್ತೈತೆ, ಬೇರಿಗೆ, ಅಂದ್ರೆ ಇಡೀ ಪುಟವನ್ನ ಸುತ್ತೋ ಮೂಲ ಟ್ಯಾಗಿಗೆ, ನೀನು ಕೊಟ್ಟ ಅಳತೇನೇ ಆ ಬ್ರೌಸರ್ ಓದಿಲ್ಲ. ತನ್ನ ಮೂಲ 16 ಪಿಕ್ಸೆಲ್ ಇಟ್ಕೊಂಡು ಗುಣಿಸೈತೆ. ಎಚ್‌ಟಿಎಮ್‌ಎಲ್ ಟ್ಯಾಗಿಗೆ ಏನು ಬರೆದೀಯ?

ಮಂಡಿಪೇಟೆ_ಕೋಡರ್:
ಅದು ಥೀಮ್‌ನದು, ನಾನು ಮುಟ್ಟಿಲ್ಲ. ಹಿಂಗೈತೆ: ಕ್ಲ್ಯಾಂಪ್(9ಪಿಕ್ಸೆಲ್, 0.8ವಿಡಬ್ಲ್ಯೂ, 11ಪಿಕ್ಸೆಲ್). ಪಕ್ಕಕ್ಕೆ ಹಳದಿ ತ್ರಿಕೋನ ತೋರಿಸ್ತೈತೆ.

ವಿದ್ಯಾನಗರ_ಟೆಸ್ಟರ್:
ಸಿಕ್ತಲ್ಲ! ಪರದೆ ಅಗಲ ನೋಡ್ಕೊಂಡು ಗಾತ್ರವನ್ನ 9ರಿಂದ 11ರ ಒಳಗೆ ಹಿಡಿದಿಡೋ ಈ ಕ್ಲ್ಯಾಂಪ್ ಫೈರ್‌ಫಾಕ್ಸಿಗೆ ಬಂದಿದ್ದು 75ರಲ್ಲಿ, 2020ರಲ್ಲಿ. ಕ್ರೋಮ್‌ಗೆ 79ರಲ್ಲಿ. 52ಕ್ಕೆ ಅದು ಅರ್ಥ ಆಗದ ಸಾಲು, ಎತ್ತಿ ಎಸೀತೈತೆ. ಅದರ ಮೇಲೆ ಒಂದು ಸಾಲು 62.5% ಅಂತ ಹಾಕು. 16ರ 62.5% ಅಂದ್ರೆ 10 ಪಿಕ್ಸೆಲ್, ನಿನ್ನ 1.6 ಲೆಕ್ಕ ತಾಳೆ ಆಗ್ತೈತೆ. ಅಲ್ಲಿ 10 ಪಿಕ್ಸೆಲ್ ಅಂತ ಮಾತ್ರ ಬರೀಬೇಡ. ಕಣ್ಣು ಮಂಜಾದವರು ಬ್ರೌಸರ್ ಸೆಟ್ಟಿಂಗಿನಾಗೆ ಮೂಲ ಗಾತ್ರ ಏರಿಸಿದ್ರೆ ಶೇಕಡಾ ಜೊತೆಗೇ ಏರ್ತೈತೆ, ಪಿಕ್ಸೆಲ್ ಕದಲಲ್ಲ. ನಿನ್ನ ಥೀಮಿನ ಕ್ಲ್ಯಾಂಪಿಗೂ ಅದೇ ರೋಗ.

ಮಂಡಿಪೇಟೆ_ಕೋಡರ್:
ಹಾಕ್ದೆ ಅಕ್ಕ. ನನ್ನ ಫೈಲಿನಾಗೆ ಐತೆ, ಸರ್ವರ್‌ನಾಗಿಂದ ಬರೋ ಫೈಲಿನಾಗೆ ಆ ಸಾಲೇ ಮಾಯ. ದೆವ್ವ ಹೊಕ್ಕೈತೆ.

ಬೆಣ್ಣೆ_ಖಾಲಿ:
ಕ್ಯಾಶೆ ತೆಗಿ, ಬ್ರೌಸರ್ ಕೂಡಿಟ್ಕೊಂಡಿರೋ ಹಳೇ ಫೈಲು.

ಮಂಡಿಪೇಟೆ_ಕೋಡರ್:
ತೆಗೆದೆ.

ಬೆಣ್ಣೆ_ಖಾಲಿ:
ಸರಿಯಾಗಿ ತೆಗಿ.

ವಿದ್ಯಾನಗರ_ಟೆಸ್ಟರ್:
ಸಿಎಸ್‌ಎಸ್ (ಪುಟದ ಅಂದ ಹೇಳೋ ಫೈಲು) ಕುಗ್ಗಿಸೋ ಮಿನಿಫೈಯರ್ ಏನಾದ್ರೂ ಐತಾ? ಒಂದೇ ಗುಣ ಎರಡು ಸಲ ಬಂದ್ರೆ ಮೇಲಿನದು ದಂಡ ಅಂತ ಕೆಲವು ಕಿತ್ತು ಬಿಸಾಕ್ತಾವೆ. ಕ್ಲ್ಯಾಂಪ್ ಸಾಲನ್ನ ಒಂದು ಸಪೋರ್ಟ್ಸ್ ನಿಯಮದೊಳಗೆ ಹಾಕಿ ಬೇರೆ ಇಡು, 62.5% ಹೊರಗೆ ಇರ್ಲಿ. 52ಕ್ಕೆ ಸಪೋರ್ಟ್ಸ್ ಗೊತ್ತೈತೆ, ಕ್ಲ್ಯಾಂಪ್ ಇಲ್ಲ ಅಂತ ನೋಡಿ ಒಳಗೇ ಹೋಗಲ್ಲ.

ಮಂಡಿಪೇಟೆ_ಕೋಡರ್:
ಆತು!! ಮಿನಿಫೈಯರ್‌ದೇ ಕಿತಾಪತಿ. ಸಾವ್ಕಾರ್ರೇ ಫೋನ್ ಮಾಡಿ "ಈಗ ನೋಡಂಗೈತೆ" ಅಂದ್ರು. ಅಕ್ಕ, ದಾವಣಗೆರೆ ಕಡೆ ಬಂದಾಗ ಬೆಣ್ಣೆ ದೋಸೆ ನನ್ನ ಲೆಕ್ಕ.

ವಿದ್ಯಾನಗರ_ಟೆಸ್ಟರ್:
ನಾನಿರೋದೇ ದಾವಣಗೆರೆ ಕಣೋ, ಹೆಸರು ಓದು.

ಮಂಡಿಪೇಟೆ_ಕೋಡರ್:
ತಪ್ಪಾತು ಅಕ್ಕ. ಇನ್ನೊಂದು. ಅದೇ ಕಂಪ್ಯೂಟರ್‌ನಾಗೆ "ಮೆಕ್ಕೆಜೋಳ" ಎರಡು ಸಾಲಾಗಿ ಒಡೆದಾಗ ಮೇಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗ್ತೈತೆ. ನನ್ನ ಲ್ಯಾಪ್‌ಟಾಪ್‌ನಾಗೆ ಇಲ್ಲ. ಲೈನ್-ಹೈಟ್ (ಸಾಲಿನ ಎತ್ತರ) 1.9 ರೆಮ್ ಐತೆ.

ವಿದ್ಯಾನಗರ_ಟೆಸ್ಟರ್:
16ರ ಅಕ್ಷರಕ್ಕೆ 19 ಇಂಗ್ಲಿಷಿಗೆ ಸಾಕು, ನಮ್ಮ ಒತ್ತಿಗೆ ಸಾಲಲ್ಲ. ರೆಮ್ ತೆಗೆದು ಬರೀ 1.6 ಅಂತ ಅಂಕಿ ಹಾಕು, ಅಕ್ಷರದ ಜೊತೆ ಅದೂ ಬೆಳೀತೈತೆ. ಲ್ಯಾಪ್‌ಟಾಪ್‌ನಾಗೆ ಯಾಕೆ ಬರಲ್ಲ ಅಂದ್ರೆ ಅಲ್ಲಿ ಫಾಂಟ್ ಬೇರೆ, ಇಲ್ಲಿ ತುಂಗಾ.

ಏಳುಸುತ್ತು_ದುರ್ಗ:
ತುಂಗಾ ಅಂತ ಮೊದಲ ದಿನವೇ ಯಾರು ಹೇಳಿದ್ದು?