ಗೋಡೌನ್ ಕೀಲಿ ಯಾರ ಕೈಲಿತ್ತು?

ಸುಂಟಿಕೊಪ್ಪದ ನಮ್ಮ ಮನೆಯವರ ಗುಂಪಿನಲ್ಲಿ ಭಾನುವಾರ ನಡೆದದ್ದು ಇದು. ಮಳೆಗೆ ಎರಡು ದಿನ ಕರೆಂಟ್ ಇರಲಿಲ್ಲ. ಬಂದ ಕೂಡಲೇ ಎಲ್ಲರ ಕೈಗೂ ಫೋನ್ ಬಂತು.

ಸುಬ್ಬು ಚಿಕ್ಕಪ್ಪ: [ಹಲವು ಬಾರಿ ಫಾರ್ವರ್ಡ್ ಆಗಿದೆ] ಎಚ್ಚರ!! ಸಾಫ್ಟ್‌ವೇರ್ ಮಾಡುವವರ ಟೂಲ್‌ನಲ್ಲೇ ಕಳ್ಳಬಾಗಿಲು. ನಿನ್ನೆ ರಾತ್ರಿ ಜಗತ್ತಿನ ಎಲ್ಲಾ ಕಂಪ್ಯೂಟರ್ ಹ್ಯಾಕ್ ಆಗಿದೆ. ಬ್ಯಾಂಕಿನ ದುಡ್ಡು ಇವತ್ತೇ ತೆಗೆಯಿರಿ. ಹತ್ತು ಜನಕ್ಕೆ ಕಳಿಸಿ.

ಸುಬ್ಬು ಚಿಕ್ಕಪ್ಪ: ಬೆಂಗಳೂರಿನ ಮಕ್ಕಳು ಓದಿ.

ನವೀನಣ್ಣ: ಯಾವ ಪೇಪರಿನಲ್ಲಿ ಬಂದಿದೆ? ತಾರೀಖು ಎಲ್ಲಿ? 2018ರ ಮಳೆಯಲ್ಲಿ ಡ್ಯಾಂ ಒಡೆಯಿತು ಅಂತ ಕಳಿಸಿದ್ದೂ ನೀವೇ ಅಲ್ವಾ ಚಿಕ್ಕಪ್ಪ. ರಾತ್ರಿ ಒಂದು ಗಂಟೆಗೆ ಅಜ್ಜಿಯನ್ನು ಜೀಪಿಗೆ ಹತ್ತಿಸಿದ್ದೆವು.

ಸುಬ್ಬು ಚಿಕ್ಕಪ್ಪ: ಆ ವರ್ಷ ಗುಡ್ಡ ಜರಿದದ್ದು ಸುಳ್ಳಾ?

ನವೀನಣ್ಣ: ನಾನು ಕೇಳಿದ್ದು ಡ್ಯಾಂ.

ದೊಡ್ಡಪ್ಪ: ಗುರುತು ಪರಿಚಯ ಇಲ್ಲದವರು ಬಿಟ್ಟಿ ಕೊಟ್ಟದ್ದನ್ನು ಮನೆಯೊಳಗೆ ತರಬಾರದು. ಅಪ್ಪ ಇದ್ದಾಗ ಹೀಗೆಲ್ಲ ಇರಲಿಲ್ಲ.

ಪ್ರಮೀಳತ್ತೆ: ಜೀಪ್ ಅಂದಾಗ ನೆನಪಾಯ್ತು. ಕಣದಲ್ಲಿ ಕಾಫಿ ಹರಡಿದಾಗ ರಾತ್ರಿ ಹನಿ ಬಿದ್ದರೆ ಅಪ್ಪ ಜೀಪಿನ ಲೈಟ್ ಹಾಕಿ ನಿಲ್ಲಿಸುತ್ತಿದ್ದರು, ನಾವೆಲ್ಲ ಟಾರ್ಪಾಲ್ ಎಳೆಯಬೇಕು, ಆಮೇಲೆ ಅಮ್ಮ ಬೆಲ್ಲದ ಕಾಫಿ ಕೊಡುತ್ತಿದ್ದರು. ಯಾರ ಹತ್ತಿರವಾದರೂ ಆ ಫೋಟೋ ಇದೆಯಾ?

ನಾನು: ವಿಷಯ ನಿಜ, ಆದರೆ ನಿನ್ನೆಯದಲ್ಲ. 2024ರ ಮಾರ್ಚಿನದು. ಎಕ್ಸ್‌ಝಡ್ ಅಂತ ಫೈಲ್ ಒತ್ತಿ ಚಿಕ್ಕದು ಮಾಡುವ ಸಣ್ಣ ಟೂಲ್. ಲಿನಕ್ಸ್ ಅಂದರೆ ವಿಂಡೋಸ್ ತರಹ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್, ಅದು ಇರುವ ಕಡೆಯೆಲ್ಲ ಹೆಚ್ಚುಕಡಿಮೆ ಈ ಟೂಲೂ ಇರುತ್ತದೆ. ಅದನ್ನು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಲಾಸ್ಸೆ ಕಾಲಿನ್, ಒಬ್ಬರೇ. ಮನಸ್ಸಿನ ಆರೋಗ್ಯ ಸರಿಯಿಲ್ಲ ಅಂತ 2022ರಲ್ಲಿ ಅವರೇ ಬರೆದಿದ್ದರು. ಆದರೂ ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಅಂತ ಒತ್ತಾಯ. ಜಿಯಾ ಟಾನ್ ಅನ್ನುವ ಹೆಸರಿನಲ್ಲಿ ಒಬ್ಬರು ಎರಡು ವರ್ಷಕ್ಕೂ ಜಾಸ್ತಿ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದರು. ಆಮೇಲೆ ಪರೀಕ್ಷೆಗೆ ಅಂತ ಇಟ್ಟ ಫೈಲುಗಳೊಳಗೆ ಕಳ್ಳಬಾಗಿಲು ಅಡಗಿಸಿದರು. ದೂರದಿಂದ ಸರ್ವರ್ ಒಳಗೆ ಹೋಗುವ ದಾರಿ ಅದು.

ನಾನು: ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್‌ಗೆ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆ ಅನಿಸಿತು. ಸುಮ್ನೆ ಬಿಡದೆ ಹುಡುಕಿ ಹಿಡಿದರು. ಹೆಚ್ಚಿನ ಕಡೆ ಹರಡುವ ಮೊದಲೇ ಸಿಕ್ಕಿತು. ಯಾರೂ ಬ್ಯಾಂಕಿಗೆ ಓಡಬೇಡಿ.

ನವೀನಣ್ಣ: ಚಿಕ್ಕಪ್ಪ, ಓದಿದ್ರಾ? ನಿನ್ನೆಯದಲ್ಲ.

ಸುಬ್ಬು ಚಿಕ್ಕಪ್ಪ: ನಿಜ ಅಂತ ಮೊದಲ ಸಾಲಿನಲ್ಲೇ ಇದೆ. ನೀನು ಓದು.

ದೊಡ್ಡಪ್ಪ: ಎರಡು ವರ್ಷ ನಂಬಿಸಿ ಮೋಸ. ತೋಟದ ಲೆಕ್ಕ ಬರೆಯುತ್ತಿದ್ದ ನಮ್ಮ ರೈಟರ್ ಹಾಗೆಯೇ.

ಸುಬ್ಬು ಚಿಕ್ಕಪ್ಪ: ರೈಟರ್ ಕೈಗೆ ಗೋಡೌನ್ ಕೀಲಿ ಕೊಟ್ಟದ್ದು ಯಾರು? ಹನ್ನೊಂದು ಚೀಲ ಕರಿಮೆಣಸು ಹೋಯಿತು. ಅದನ್ನು ಈ ಗುಂಪಿನಲ್ಲಿ ಯಾರೂ ಕೇಳುವುದಿಲ್ಲ.

ಪ್ರಮೀಳತ್ತೆ: ಒಂಬತ್ತು.

ಸುಬ್ಬು ಚಿಕ್ಕಪ್ಪ: ಹನ್ನೊಂದು. ತೂಕದ ಚೀಟಿ ನನ್ನ ಹತ್ತಿರ ಇದೆ.

ನವೀನಣ್ಣ: ಚೀಟಿ ಫೋಟೋ ಹಾಕಿ.

ಕೀಲಿ ಕೊಟ್ಟದ್ದು ನನ್ನ ಅಪ್ಪ. ಅಪ್ಪ ಗುಂಪಿನಲ್ಲಿ ಇದ್ದಾರೆ, ಬರೆಯುವುದು ಕಡಿಮೆ. ಅವತ್ತು ನಾನು ಸುಮ್ಮನಿರಲು ಆಗಲಿಲ್ಲ.

ನಾನು: ಆ ವರ್ಷ ಅಪ್ಪನಿಗೆ ಬೆನ್ನು ನೋವು, ಏಳಲು ಆಗುತ್ತಿರಲಿಲ್ಲ. ಲೆಕ್ಕ ಯಾವಾಗ, ನಮ್ಮ ಪಾಲು ಯಾವಾಗ ಅಂತ ಮೈಸೂರಿನಿಂದ ದಿನಕ್ಕೆ ಮೂರು ಫೋನ್. ನಿಮ್ಮ ಕೈಲಿ ಆಗದಿದ್ದರೆ ರೈಟರ್‌ಗೆ ವಹಿಸಿ ಅಂದದ್ದು ನೀವೇ ಚಿಕ್ಕಪ್ಪ. ತೋಟಕ್ಕೆ ಒಂದು ದಿನವೂ ಯಾರೂ ಬರಲಿಲ್ಲ.

ಸುಮಾರು ಹೊತ್ತು ಯಾರೂ ಬರೆಯಲಿಲ್ಲ.

ದೊಡ್ಡಪ್ಪ: ಹಿರಿಯರ ಜೊತೆ ಮಾತಾಡುವ ರೀತಿ ಇದಲ್ಲ ಮಗಾ.

ಪ್ರಮೀಳತ್ತೆ: ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಅಣ್ಣ? ಫೋನ್ ಮಾಡಿದವರಲ್ಲಿ ನಾನೂ ಇದ್ದೆ.

ಅಪ್ಪ: ಆ ಫಿನ್ಲೆಂಡಿನವರು ಈಗ ಹೇಗಿದ್ದಾರೆ?

ನಾನು: ಬಿಟ್ಟುಹೋಗಲಿಲ್ಲ ಅಪ್ಪ. ಕಳ್ಳಬಾಗಿಲು ತೆಗೆದುಹಾಕಿ, ಅದೇ ವರ್ಷ ಮೇನಲ್ಲಿ ಹೊಸ ಆವೃತ್ತಿಯನ್ನು ಅವರೇ ಬಿಟ್ಟರು.

ಅಪ್ಪ: ಸರಿ.