ಹಡಗು ಹೊರಡುವ ದಿನವೇ ರೋಮ್‌ಗೆ ಇಳಿದರೆ ಸಾಕಾ? ವೀಸಾ ಇಟಲಿಗೋ ಗ್ರೀಸ್‌ಗೋ?

ಸಂಜೆಗಡಲು
ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡಿದ್ದೇವೆ. ನಾನು, ನಮ್ಮ ಯಜಮಾನರು, ಅತ್ತೆ, ಮಾವ. ಏಳು ರಾತ್ರಿ. ರೋಮ್‌ನ ಬಂದರು ಚಿವಿತಾವೆಕ್ಕಿಯಾದಿಂದ ಹೊರಟು ಒಂದು ದಿನ ಪೂರ್ತಿ ಕಡಲು. ಆಮೇಲೆ ಗ್ರೀಸಿನ ದ್ವೀಪ ಸ್ಯಾಂಟೊರಿನಿ, ಟರ್ಕಿಯ ಕುಶಾದಸಿ, ಮತ್ತೆ ಗ್ರೀಸಿನ ದ್ವೀಪ ಮಿಕೊನೊಸ್. ಮತ್ತೆ ಒಂದು ದಿನ ಕಡಲು, ಇಟಲಿಯ ನೇಪಲ್ಸ್, ಕೊನೆಗೆ ಹೊರಟಲ್ಲಿಗೇ ವಾಪಸ್. ಎಲ್ಲರದ್ದೂ ಭಾರತದ ಪಾಸ್‌ಪೋರ್ಟ್.

ಎರಡು ವಿಷಯಕ್ಕೆ ಮನೆಯಲ್ಲಿ ಜಗಳ. ಹಡಗು ಹೊರಡುವುದು ಸಂಜೆ 5ಕ್ಕೆ. ಅವತ್ತೇ ಬೆಳಿಗ್ಗೆ 7.30ಕ್ಕೆ ಫಿಯುಮಿಚಿನೊ ವಿಮಾನ ನಿಲ್ದಾಣಕ್ಕೆ ಇಳಿಯುವ ಟಿಕೆಟ್ ಸಿಗುತ್ತಿದೆ. "ಇಷ್ಟು ಹೊತ್ತು ಕೈಯಲ್ಲಿದೆ, ಹೋಟೆಲ್‌ಗೆ ಯಾಕೆ ಸುಮ್ನೆ ದುಡ್ಡು ಸುರಿಯಬೇಕು" ಎನ್ನುತ್ತಾರೆ ಇವರು. ನನಗೆ ಧೈರ್ಯ ಸಾಲದು. ಎರಡನೆಯದು ವೀಸಾ. ಇಟಲಿಗೆ ಹಾಕಬೇಕೋ ಗ್ರೀಸ್‌ಗೋ? ಟರ್ಕಿಗೆ ಬೇರೆ ಬೇಕಾ? ಬಾಕಿ ಹಣ ಕಟ್ಟಲು ಜೂನ್ ಕೊನೆಯ ಗಡುವು ಕೊಟ್ಟಿದ್ದಾರೆ.

ಹಗುರ ಚೀಲ
ನನ್ನ ಓಟು ನಿಮ್ಮ ಯಜಮಾನರಿಗೆ. ಫಿಯುಮಿಚಿನೊದಿಂದ ಚಿವಿತಾವೆಕ್ಕಿಯಾಗೆ ಕಾರಿನಲ್ಲಿ ಒಂದು ಗಂಟೆ ದಾರಿ. ವಿಮಾನ ಎರಡು ಗಂಟೆ ತಡವಾದರೂ ಮಧ್ಯಾಹ್ನದ ಊಟಕ್ಕೆ ಹಡಗಿನಲ್ಲಿರುತ್ತೀರಿ. ನಾಲ್ಕು ಜನಕ್ಕೆ ಎರಡು ರೂಮು, ಅದರ ಮೇಲೆ ಊರಿನ ಟೂರಿಸ್ಟ್ ಟ್ಯಾಕ್ಸ್ ಬೇರೆ. ಇಟಲಿಯಲ್ಲಿ ಅದನ್ನು ತಲೆಗಿಷ್ಟು, ರಾತ್ರಿಗಿಷ್ಟು ಅಂತ ಹೋಟೆಲ್‌ನಲ್ಲೇ ಕಟ್ಟಿಸಿಕೊಳ್ಳುತ್ತಾರೆ. ಬುಕಿಂಗ್ ದರದಲ್ಲಿ ಸೇರಿರುವುದಿಲ್ಲ. ಆ ದುಡ್ಡಿನಲ್ಲಿ ಬಾಲ್ಕನಿ ಇರುವ ಕ್ಯಾಬಿನ್ ತೆಗೆದುಕೊಳ್ಳಿ.

ಲೆಕ್ಕದ ಮೇಷ್ಟ್ರು
5 ಗಂಟೆ ಎನ್ನುವುದು ಹಡಗು ಹಗ್ಗ ಬಿಚ್ಚುವ ಹೊತ್ತು. ನೀವು ಹತ್ತುವ ಹೊತ್ತಲ್ಲ. ಹೆಚ್ಚಿನ ಕಂಪನಿಗಳು ಒಂದರಿಂದ ಒಂದೂವರೆ ಗಂಟೆ ಮೊದಲೇ ಚೆಕ್-ಇನ್ ಮುಚ್ಚುತ್ತವೆ. ಅಲ್ಲಿಗೆ ನಿಮ್ಮ ಗಡುವು ಮೂರೂವರೆ. ಇಮಿಗ್ರೇಷನ್ ಸಾಲು, ಸೂಟ್‌ಕೇಸ್‌ಗೆ ಕಾಯುವುದು, ರಸ್ತೆ, ಇಷ್ಟನ್ನೂ ಕಳೆದು ನೋಡಿ. ಯೂರೋಪಿನಲ್ಲಿ 2025ರ ಅಕ್ಟೋಬರ್ 12ರಿಂದ ಹೊಸ ಗಡಿ ವ್ಯವಸ್ಥೆ ಶುರುವಾಗಿದೆ. ಮುದ್ರೆ ಒತ್ತುವ ಬದಲು ಬೆರಳಚ್ಚು, ಮುಖದ ಫೋಟೊ. ಮೊದಲ ಸಲ ಹೋಗುವವರಿಗೆ ಸಾಲಿನಲ್ಲಿ ಜಾಸ್ತಿ ಹೊತ್ತು ಹಿಡಿಯಬಹುದು.

ಮೇಡಂ, ನಿಮ್ಮದು ನೇರ ವಿಮಾನವೋ, ನಡುವೆ ಬದಲಿಸಬೇಕೋ?

ಸಂಜೆಗಡಲು
ಒಂದು ಕಡೆ ಬದಲಿಸಬೇಕು ಮೇಷ್ಟ್ರೇ. ಗಲ್ಫ್ ಮೂಲಕ ಅಥವಾ ಫ್ರಾಂಕ್‌ಫರ್ಟ್ ಮೂಲಕ.

ಲೆಕ್ಕದ ಮೇಷ್ಟ್ರು
ಹಾಗಾದರೆ ಅದೇ ದಿನ ಇಳಿಯುವ ಮಾತು ಬಿಡಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ವಿಮಾನ ಕಂಪನಿ ಮುಂದಿನ ವಿಮಾನಕ್ಕೆ ಹಾಕುತ್ತದೆ, ಅಷ್ಟೇ. ಹಡಗಿನ ದುಡ್ಡು ಅವರು ಕೊಡುವುದಿಲ್ಲ. ಇನ್ನು ನಿಮ್ಮ ಪಟ್ಟಿ ನೋಡಿ. ಮಾರನೇ ದಿನ ಪೂರ್ತಿ ಕಡಲು. ಮುಂದಿನ ಬಂದರು ಸ್ಯಾಂಟೊರಿನಿ. ಮೊದಲ ನಿಲುಗಡೆ ನೇಪಲ್ಸ್ ಆಗಿದ್ದರೆ ರೋಮ್‌ನಿಂದ ರೈಲು ಹತ್ತಿ ಹಡಗು ಹಿಡಿಯಬಹುದಿತ್ತು. ನಿಮ್ಮದು ಆ ತರಹದ್ದಲ್ಲ. ನಾಲ್ಕು ಜನ ಮತ್ತೆ ಟಿಕೆಟ್ ತೆಗೆದು ದ್ವೀಪಕ್ಕೆ ಹಾರಬೇಕು, ಅದಕ್ಕೆ ಹಡಗಿನವರು ಒಪ್ಪಬೇಕು.

ಅಲೆಮಾರಿ
ಹೋಟೆಲ್ ವಿಷಯ ಆಮೇಲೆ. ವೀಸಾ ಗ್ರೀಸ್‌ಗೆ ಹಾಕಿ. ಇಟಲಿಯ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ನಿಮ್ಮ ಪ್ರವಾಸದ ಮುಖ್ಯ ಆಕರ್ಷಣೆಯೇ ಗ್ರೀಕ್ ದ್ವೀಪಗಳು, ಅಲ್ವಾ? ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಶೆಂಗೆನ್ ವೀಸಾಕ್ಕೆ "ಮುಖ್ಯ ತಾಣ" ಯಾವ ದೇಶವೋ ಅದಕ್ಕೆ ಅರ್ಜಿ ಹಾಕಬೇಕು ಅಂತ ನಿಯಮದಲ್ಲಿ ಇರುವುದು. ಉಳಿಯುವ ಅವಧಿ ಒಂದನ್ನೇ ಅಲ್ಲ, ಉದ್ದೇಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಲೆಕ್ಕದ ಮೇಷ್ಟ್ರು
ನಿಯಮ ಸರಿಯಾಗಿಯೇ ಹೇಳಿದಿರಿ. ಆದರೆ ಹತ್ತುವ ದಿನ, ನೇಪಲ್ಸ್, ಇಳಿಯುವ ದಿನ, ಮೂರೂ ಇಟಲಿ. ಗ್ರೀಸ್ ಎರಡೇ ದಿನ, ಅದೂ ಹಗಲು ಹೊತ್ತು ಮಾತ್ರ. ದ್ವೀಪ ನೋಡುವುದು ಉದ್ದೇಶ ಅಂತ ವಾದಿಸಬಹುದು. ನಾಲ್ಕು ಪಾಸ್‌ಪೋರ್ಟ್ ಕೌಂಟರ್‌ನಲ್ಲಿಟ್ಟುಕೊಂಡು ಆ ವಾದ ಯಾಕೆ ಬೇಕು? ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಅರ್ಜಿ ವಾಪಸ್ ಕೊಟ್ಟರೆ ಹೋಗುವುದು ನಿಮ್ಮ ವಾರಗಳು.

ಹೋಟೆಲ್ ಪ್ರಶ್ನೆ ಮತ್ತು ವೀಸಾ ಪ್ರಶ್ನೆ ಎರಡಲ್ಲ, ಒಂದೇ. ಹಡಗು ಹತ್ತುವ ಮೊದಲು ರೋಮ್‌ನಲ್ಲಿ ಎರಡು ರಾತ್ರಿ ಉಳಿದರೆ ಇಟಲಿಯ ದಿನಗಳು ಐದಾಗುತ್ತವೆ. ಆಮೇಲೆ ಯಾರೂ ಕೇಳುವಂತಿಲ್ಲ. ಎಲ್ಲಿ ಮಲಗುತ್ತೀರಿ ಅನ್ನುವುದೇ ಯಾವ ದೇಶಕ್ಕೆ ಅರ್ಜಿ ಅನ್ನುವುದನ್ನು ಗಟ್ಟಿ ಮಾಡುತ್ತದೆ.

ಅಲೆಮಾರಿ
ಹಾಗಾದರೆ ಇನ್ನೂ ಸುಲಭ. ಅಥೆನ್ಸ್‌ನಲ್ಲಿ ನಾಲ್ಕು ರಾತ್ರಿ ಹೋಟೆಲ್ ಬುಕ್ ಮಾಡಿ, ಗ್ರೀಸ್ ವೀಸಾ ತೆಗೆದುಕೊಂಡು, ಆಮೇಲೆ ಕ್ಯಾನ್ಸಲ್ ಮಾಡಿದರೆ ಆಯಿತು. ಎಷ್ಟೋ ಏಜೆಂಟರು ಮಾಡಿಸುವುದೇ ಹಾಗೆ.

ನೀಲಿ ಬಾಗಿಲು
ಅಣ್ಣ, ಇದನ್ನು ದಯವಿಟ್ಟು ಯಾರಿಗೂ ಹೇಳಬೇಡಿ. ರೋಮ್‌ನಲ್ಲಿ ಇಳಿದಾಗ ಗಡಿ ಪೊಲೀಸರು ಹೋಟೆಲ್ ಕಾಗದ, ವಾಪಸ್ ಟಿಕೆಟ್ ಕೇಳಬಹುದು. ವೀಸಾ ಗ್ರೀಸಿನದು, ಗ್ರೀಸಿನಲ್ಲಿ ಒಂದು ರಾತ್ರಿಯೂ ಇಲ್ಲ ಅಂದರೆ ಏನು ಹೇಳುವುದು? ತಪ್ಪು ಮಾಹಿತಿ ಕೊಟ್ಟು ಪಡೆದದ್ದು ಅಂತ ತೋರಿದರೆ ವೀಸಾ ರದ್ದು ಮಾಡುವ ಅಧಿಕಾರ ಅವರಿಗಿದೆ. ವಯಸ್ಸಾದ ಅತ್ತೆ ಮಾವನನ್ನು ಆ ಕೌಂಟರ್ ಮುಂದೆ ನಿಲ್ಲಿಸಬೇಕಾ?

ನಿಜವಾಗಿ ಪ್ಲ್ಯಾನ್ ಬದಲಾಗುವುದು ಬೇರೆ ಮಾತು. ಹೋಟೆಲ್ ಬದಲಿಸಿದರೆ, ಒಂದು ದಿನ ಆಚೆ ಈಚೆ ಆದರೆ ಏನೂ ತೊಂದರೆ ಇಲ್ಲ.

ಅಲೆಮಾರಿ
ಅಪಾಯಿಂಟ್‌ಮೆಂಟೇ ಸಿಗದವರು ಏನು ಮಾಡಬೇಕು, ಅದನ್ನೂ ಹೇಳಿ. ನೀತಿ ಪಾಠ ಹೇಳುವುದು ಸುಲಭ.

ಲೆಕ್ಕದ ಮೇಷ್ಟ್ರು
ಬೇಗ ಶುರು ಮಾಡಬೇಕು. ಶೆಂಗೆನ್ ಅರ್ಜಿಯನ್ನು ಹೊರಡುವ ದಿನಕ್ಕಿಂತ ಆರು ತಿಂಗಳು ಮೊದಲಿಂದ ಹಾಕಬಹುದು. ಕನಿಷ್ಠ 15 ದಿನ ಮೊದಲು ಹಾಕಲೇಬೇಕು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ, ಕೆಲವೊಮ್ಮೆ 45 ದಿನದವರೆಗೆ ಎಳೆಯಬಹುದು. ಸೆಪ್ಟೆಂಬರ್ ಕೊನೆಯ ಹಡಗಿಗೆ ಮಾರ್ಚ್ ಕೊನೆಯಿಂದಲೇ ಬಾಗಿಲು ತೆರೆದಿರುತ್ತದೆ. ಎಲ್ಲರೂ ಜುಲೈನಲ್ಲಿ ಮುಗಿಬೀಳುತ್ತಾರೆ, ಆಮೇಲೆ ಸ್ಲಾಟ್ ಇಲ್ಲ ಅಂತ ಗೋಳಾಡುತ್ತಾರೆ.

ಇವರಿಗೆ ಇನ್ನೊಂದು ಕಾರಣವೂ ಇದೆ. ಬಾಕಿ ಹಣದ ಗಡುವು ಜೂನ್ ಕೊನೆ. ಅದಾದ ಮೇಲೆ ಕ್ಯಾನ್ಸಲ್ ಮಾಡಿದರೆ ದಂಡ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ವೀಸಾ ಸಿಗಲಿಲ್ಲ ಅನ್ನುವುದನ್ನು ಬಹುತೇಕ ಕಂಪನಿಗಳು ಒಪ್ಪುವುದಿಲ್ಲ. ಏಪ್ರಿಲ್‌ನಲ್ಲಿ ಅರ್ಜಿ ಹಾಕಿದರೆ, 45 ದಿನ ಎಳೆದರೂ ಪೂರ್ತಿ ಹಣ ಕಟ್ಟುವ ಮೊದಲೇ ಉತ್ತರ ಕೈಗೆ ಬರುತ್ತದೆ. ಅರ್ಜಿಯ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ವೀಸಾ ನಿರಾಕರಿಸಿದರೆ ಅದು ವಾಪಸ್ ಬರುವುದಿಲ್ಲ. ಆದರೆ ನಾಲ್ಕು ಜನರ ಕ್ರೂಸ್ ದುಡ್ಡಿನ ಮುಂದೆ ಅದು ಚಿಲ್ಲರೆ.

ಸಂಜೆಗಡಲು
ಇದು ಹೊಳೆದೇ ಇರಲಿಲ್ಲ. ಸಿಂಗಲ್ ಎಂಟ್ರಿ, ಅಂದರೆ ಒಂದೇ ಸಲ ಒಳಗೆ ಬಿಡುವ ವೀಸಾ ಸಾಕಾ? ಅತ್ತೆ ಹೇಗಿದ್ದರೂ ಟರ್ಕಿಯಲ್ಲಿ ಇಳಿಯುವುದಿಲ್ಲವಂತೆ.

ನೀಲಿ ಬಾಗಿಲು
ಸಾಲದು ಅಕ್ಕ. ನೀವು ಇಳಿದರೂ ಇಳಿಯದಿದ್ದರೂ ಹಡಗು ಶೆಂಗೆನ್ ಬಿಟ್ಟು ಕುಶಾದಸಿಗೆ ಹೋಗಿ ಮತ್ತೆ ಮಿಕೊನೊಸ್‌ಗೆ ಬರುತ್ತದೆ. ಅದು ಎರಡನೇ ಪ್ರವೇಶ. ಸಿಂಗಲ್ ಎಂಟ್ರಿ ತೋರಿಸಿದರೆ ಚಿವಿತಾವೆಕ್ಕಿಯಾದಲ್ಲೇ ಹತ್ತಿಸಿಕೊಳ್ಳದೆ ಇರಬಹುದು. ಅರ್ಜಿಯಲ್ಲಿ ಮಲ್ಟಿಪಲ್ ಅಂತಲೇ ಕೇಳಿ. ಜೊತೆಗೆ ಹಡಗಿನ ಬಂದರುಗಳ ಪಟ್ಟಿ ಇಡಿ. ವೀಸಾ ಕೈಗೆ ಬಂದ ತಕ್ಷಣ ಎಂಟ್ರಿ ಎಷ್ಟು, ಎಷ್ಟು ದಿನ ಅಂತ ಎರಡೂ ಖಾನೆ ನೋಡಿ.

ಟರ್ಕಿಗೆ, ಹಡಗಿನಲ್ಲಿ ಬಂದು ಬಂದರಿನ ಊರು ಸುತ್ತಿ ಹೋಗುವವರಿಗೆ 72 ಗಂಟೆವರೆಗೆ ವಿನಾಯಿತಿ ಇದೆ. ಆದರೂ ಕೆಲವು ಕಂಪನಿಗಳು ಹತ್ತಿಸುವಾಗ ವೀಸಾ ಕೇಳುತ್ತವೆ. ನಿಮ್ಮ ಕಂಪನಿಗೆ ಇಮೇಲ್ ಹಾಕಿ, ಉತ್ತರ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಬೇಕು ಅಂದರೂ ಗಾಬರಿ ಇಲ್ಲ. ಚಾಲ್ತಿಯಲ್ಲಿರುವ ಶೆಂಗೆನ್ ವೀಸಾ ಇದ್ದರೆ ಭಾರತದ ಪಾಸ್‌ಪೋರ್ಟ್‌ನವರು ಟರ್ಕಿಯ ಇ-ವೀಸಾ ತೆಗೆದುಕೊಳ್ಳಬಹುದು.

ಹಗುರ ಚೀಲ
ಸರಿ, ಒಂದು ದಿನ ಮೊದಲು ಬನ್ನಿ, ಒಪ್ಪಿದೆ. ಆದರೆ ಎರಡು ರಾತ್ರಿ ಯಾಕೆ? ಅದೂ ರೋಮ್ ನಡುಮಧ್ಯೆ? ಚಿವಿತಾವೆಕ್ಕಿಯಾದಲ್ಲೇ ಒಂದು ರಾತ್ರಿ ಮಲಗಿ. ಬೆಳಿಗ್ಗೆ ಎದ್ದರೆ ಹಡಗು ಎದುರಿಗೇ. ಇನ್ನೊಂದು ದಾರಿಯೂ ಇದೆ. ಕೆಲವು ಕ್ರೂಸ್ ಕಂಪನಿಗಳು ವಿಮಾನವನ್ನೂ ತಾವೇ ಬುಕ್ ಮಾಡಿಕೊಡುತ್ತವೆ. ಆಗ ವಿಮಾನ ತಡವಾದರೆ ಹಡಗಿಗೆ ಸೇರಿಸುವ ತಲೆನೋವು ಅವರದು.

ರೈಲುಪ್ರೇಮಿ
ಆ ಪ್ಯಾಕೇಜಿನ ಷರತ್ತು ಓದಿಯೇ ತೆಗೆದುಕೊಳ್ಳಿ. "ಸಹಾಯ ಮಾಡುತ್ತೇವೆ" ಅಂತ ಬರೆದಿದ್ದಾರೋ, "ನಮ್ಮ ಖರ್ಚಿನಲ್ಲಿ ಸೇರಿಸುತ್ತೇವೆ" ಅಂತಲೋ, ನೋಡಿ.

ಚಿವಿತಾವೆಕ್ಕಿಯಾದಲ್ಲಿ ಹಳೆಯ ಕೋಟೆ ಇದೆ, ಕಡಲ ದಂಡೆಯ ಉದ್ದಕ್ಕೂ ನಡೆಯಲು ಜಾಗ ಇದೆ. ಒಂದು ಸಂಜೆಗೆ ಸಾಕು. ಆದರೆ ರೋಮ್‌ವರೆಗೆ ಬಂದು ರೋಮ್ ನೋಡದೆ ಹಡಗು ಹತ್ತುವುದು ಅನ್ಯಾಯ ಸ್ವಾಮಿ! ರೋಮ್‌ನ ಮುಖ್ಯ ರೈಲು ನಿಲ್ದಾಣ ಟೆರ್ಮಿನಿಯ ಹತ್ತಿರ ಹೋಟೆಲ್ ಹಿಡಿಯಿರಿ. ಅಲ್ಲಿಗೆ ವಿಮಾನ ನಿಲ್ದಾಣದಿಂದ ಲಿಯೊನಾರ್ದೊ ಎಕ್ಸ್‌ಪ್ರೆಸ್ ಸುಮಾರು ಅರ್ಧ ಗಂಟೆ. ಹಡಗಿನ ದಿನ ಟೆರ್ಮಿನಿಯಿಂದ ಚಿವಿತಾವೆಕ್ಕಿಯಾಗೆ ಲೋಕಲ್ ರೈಲಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ. ಇಂಟರ್‌ಸಿಟಿಯಾದರೆ ಇನ್ನೂ ಬೇಗ. ಅಲ್ಲಿ ನಿಲ್ದಾಣದಿಂದ ಲಾರ್ಗೊ ದೆಲ್ಲಾ ಪಾಚೆ ಎಂಬ ಜಾಗಕ್ಕೆ ಹೋದರೆ, ಹಡಗಿನ ಬುಡಕ್ಕೆ ಬಂದರಿನ ಉಚಿತ ಬಸ್.

ಒಂದೇ ಎಚ್ಚರಿಕೆ, ಇಟಲಿಯ ರೈಲು ಮುಷ್ಕರ. ಮೊದಲೇ ಪ್ರಕಟಿಸುತ್ತಾರೆ, ಹೊರಡುವ ವಾರ ನೋಡಿಕೊಳ್ಳಿ. ಕೆಲಸದ ದಿನಗಳಲ್ಲಿ ಮುಷ್ಕರ ಇದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಲೋಕಲ್ ರೈಲು ಓಡಿಸಲೇಬೇಕು.

ಹಗುರ ಚೀಲ
ನಾಲ್ಕು ಜನ, ನಾಲ್ಕು ದೊಡ್ಡ ಸೂಟ್‌ಕೇಸ್, ಅದರಲ್ಲಿ ಇಬ್ಬರು ಹಿರಿಯರು. ರೈಲು, ಬಸ್ಸು, ಮತ್ತೆ ಬಸ್ಸು. ಇದು ಪ್ರವಾಸವೋ ಕವಾಯತೋ?

ರೈಲುಪ್ರೇಮಿ
ಅದಕ್ಕೆ ಒಪ್ಪುತ್ತೇನೆ. ಒಬ್ಬರು ಇಬ್ಬರಿಗೆ ರೈಲು. ನಾಲ್ಕು ಜನಕ್ಕೆ ವ್ಯಾನ್ ಮೊದಲೇ ಗೊತ್ತು ಮಾಡಿದರೆ ತಲೆಗೆ ಬೀಳುವ ಖರ್ಚು ಅಷ್ಟೇನೂ ಜಾಸ್ತಿ ಆಗದು. ಹೋಟೆಲ್ ಬಾಗಿಲಿಂದ ಹಡಗಿನ ಬಾಗಿಲಿಗೆ.

ನೀಲಿ ಬಾಗಿಲು
ಎರಡು ರಾತ್ರಿಗೆ ನನ್ನ ಕಾರಣ ಬೇರೆ. ಸೂಟ್‌ಕೇಸ್! ನೀವು ಬಂದು ಅದು ಬರದಿದ್ದರೆ, ಮಾರನೇ ದಿನದ ವಿಮಾನದಲ್ಲಿ ಬಂದದ್ದನ್ನು ಹೋಟೆಲ್‌ಗೆ ತಲುಪಿಸುವುದು ಸುಲಭ. ಹಡಗು ಹೊರಟ ಮೇಲೆ ಅದು ದಿನಕ್ಕೊಂದು ಊರು ನಿಮ್ಮ ಹಿಂದೆ ಓಡಬೇಕು. ಮಾವನ ಮಾತ್ರೆ, ಚೀಟಿ ಎಲ್ಲಾ ಕೈಚೀಲದಲ್ಲೇ ಇರಲಿ.

ಹೋಟೆಲ್ ಬುಕ್ ಮಾಡುವಾಗ ಉಚಿತವಾಗಿ ಕ್ಯಾನ್ಸಲ್ ಮಾಡಬಹುದಾದ ದರವನ್ನೇ ಹಿಡಿಯಿರಿ. ನಾಲ್ಕೂ ಜನರ ಹೆಸರು ಬುಕಿಂಗ್‌ನಲ್ಲಿ ಇರಲಿ. ಲಿಫ್ಟ್ ಇದೆಯಾ ಕೇಳಿ, ರೋಮ್‌ನ ಹಳೆಯ ಕಟ್ಟಡಗಳಲ್ಲಿ ಇರಲೇಬೇಕು ಅಂತಿಲ್ಲ.

ಅಲೆಮಾರಿ
ನನ್ನ ಸಲಹೆ ಯಾರಿಗೂ ಹಿಡಿಸಲಿಲ್ಲ, ಇರಲಿ. ಇದಾದರೂ ಕೇಳಿ. ಫ್ರಾಂಕ್‌ಫರ್ಟ್ ಮೂಲಕ ಬಂದರೆ ಇಮಿಗ್ರೇಷನ್ ಅಲ್ಲೇ ಆಗುತ್ತದೆ, ರೋಮ್‌ನಲ್ಲಿ ಅಲ್ಲ. ಎರಡು ವಿಮಾನಗಳ ನಡುವೆ ಒಂದೂವರೆ ಗಂಟೆ ಇರುವ ಟಿಕೆಟ್ ತೆಗೆದುಕೊಳ್ಳಬೇಡಿ. ಇಟಲಿ ವೀಸಾದಲ್ಲಿ ಮೊದಲು ಜರ್ಮನಿಗೆ ಇಳಿದರೆ ತಪ್ಪೇನಿಲ್ಲ, ಅರ್ಜಿಯಲ್ಲಿ ಮೊದಲ ಪ್ರವೇಶದ ದೇಶ ಜರ್ಮನಿ ಅಂತ ಬರೆದರೆ ಆಯಿತು. ಬದಲಿಸುವ ಊರು ಲಂಡನ್ ಆಗಿದ್ದರೆ ಕಥೆಯೇ ಬೇರೆ. ಬ್ರಿಟನ್ ಶೆಂಗೆನ್‌ನಲ್ಲಿ ಇಲ್ಲ.

ಲೆಕ್ಕದ ಮೇಷ್ಟ್ರು
ಈ ಸಲಹೆ ನೂರಕ್ಕೆ ನೂರು ಸರಿ.

ಇನ್ಶೂರೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ ಸಾಕು. ಆದರೆ ವೀಸಾಕ್ಕೆಂದೇ ಮಾಡಿಸುವ ಅಗ್ಗದ ಪಾಲಿಸಿ ಹಡಗು ತಪ್ಪಿದ ನಷ್ಟ ಕೊಡುತ್ತದೆ ಅಂದುಕೊಳ್ಳಬೇಡಿ. ಟರ್ಕಿ ಶೆಂಗೆನ್ ಅಲ್ಲ, ಅದೂ ಪಾಲಿಸಿಯಲ್ಲಿ ಸೇರಿರಬೇಕು. ಹಡಗಿನ ಒಳಗಿನ ಚಿಕಿತ್ಸೆಗೆ ಬಿಲ್ ದೊಡ್ಡದಾಗಿ ಬರುತ್ತದೆ, ಅದಕ್ಕೂ ರಕ್ಷಣೆ ಇದೆಯಾ ಕೇಳಿ. ತಾರೀಖು ರೋಮ್‌ಗೆ ಇಳಿಯುವ ದಿನದಿಂದ ಶುರುವಾಗಲಿ. ಹಡಗಿನ ತಾರೀಖು ಮಾತ್ರ ಹಾಕಿ ಹೋಟೆಲ್ ದಿನ ಬಿಟ್ಟರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಸಂಜೆಗಡಲು
ಯಜಮಾನರಿಗೆ ಇಡೀ ಚರ್ಚೆ ಓದಿಸಿದೆ. ಬಾಕಿ ಹಣದ ಲೆಕ್ಕ ನೋಡಿದ ಮೇಲೆ ಸುಮ್ಮನಾದರು. ರೋಮ್‌ನಲ್ಲಿ ಎರಡು ರಾತ್ರಿ, ಇಟಲಿಗೆ ಅರ್ಜಿ, ಮಲ್ಟಿಪಲ್ ಎಂಟ್ರಿ, ಬಂದರಿಗೆ ವ್ಯಾನ್. ಒಂದು ಉಳಿಯಿತು. ದಿನವಾರು ಪಟ್ಟಿಯಲ್ಲಿ ಕಡಲಿನ ಎರಡು ದಿನಕ್ಕೆ ಯಾವ ದೇಶ ಬರೆಯಲಿ?

ಲೆಕ್ಕದ ಮೇಷ್ಟ್ರು
ಯಾವ ದೇಶವೂ ಬೇಡ. "ಹಡಗಿನಲ್ಲಿ, ಕಡಲ ಪಯಣ" ಅಂತ ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಬರೆಯಿರಿ. ತಂಗುವ ಜಾಗದ ಕಡೆ ಹಡಗಿನ ಹೆಸರು, ಬುಕಿಂಗ್ ನಂಬರ್. ಕಂಪನಿಯ ದೃಢೀಕರಣ ಪತ್ರದಲ್ಲಿ ನಾಲ್ವರ ಹೆಸರೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇದೆಯಾ ನೋಡಿ. ಅಜ್ಜ ಅಜ್ಜಿಯರ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದು, ಟಿಕೆಟ್‌ನಲ್ಲಿ ಬರೀ ಅಕ್ಷರ ಇರುವುದು ಮಾಮೂಲು. ಅದನ್ನು ಈ ವಾರವೇ ತಿದ್ದಿಸಿ. ನೀವು ಊರಿಗೆ ವಾಪಸ್ ಹೊರಡುವ ದಿನದಿಂದ ಮೂರು ತಿಂಗಳಾದರೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು.

ನೀಲಿ ಬಾಗಿಲು
ಹಡಗು ಹತ್ತಿದ ಮೇಲೆ ಕೆಲವು ಕಂಪನಿಯವರು ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುತ್ತಾರೆ, ಅತ್ತೆಗೆ ಮೊದಲೇ ಹೇಳಿಡಿ ಅಕ್ಕ. ವೀಸಾ ಪುಟದ ನಕಲು ಎಲ್ಲರ ಕೈಚೀಲದಲ್ಲೂ ಒಂದೊಂದು ಇರಲಿ.